ಪಕ್ಕದೂರಿಗೆ ಹಚ್ಚಿದ ಮೇಣದಬತ್ತಿ

ಪಾಲೆನ್ಸಿಯಾ ಸೀಮೆಯ ಹಳ್ಳಿ. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಓನೊರಿನಾಳ ಕಿವಿಗೆ ಮುಂದಿದ್ದ ಮುದುಕರಿಬ್ಬರ ಮಾತು ಬಿತ್ತು.

"ಮೇಣದಬತ್ತಿ ಯಾರಿಗೋಸ್ಕರ ಹಚ್ಚಿದ್ಯೋ, ಲೆಯೊನ್ಸಿಯೊ?"

"ಪಕ್ಕದೂರಿನ ಫುಟ್‌ಬಾಲ್ ತಂಡಕ್ಕೆ."

"ಆ ಶತ್ರುಗಳಿಗಾ? ತಲೆ ಕೆಟ್ಟಿದ್ಯಾ?"

"ಇವತ್ತು ಸೋತ್ರೆ ಅವರು ಮೇಲಿನ ದರ್ಜೆಯಿಂದ ನಮ್ಮ ದರ್ಜೆಗೆ ಬೀಳ್ತಾರೆ. ಅವರಿಗೆ ಜಾಗ ಬಿಟ್ಟು ನಮ್ಮ ತಂಡ ಇನ್ನೂ ಕೆಳಗಿಳೀಬೇಕು."

"ಇಳಿದ್ರೆ ಇಳೀಲಿ ಬಿಡು."

"ಇಳಿದ್ರೆ ಹುಡುಗರು ಆಡಲ್ವಂತೆ ಕಣೋ, ಬಾಸಿಲಿಯೊ. ತಂಡವೇ ಮುಚ್ಚಿಹೋಗುತ್ತೆ."

"ಅವರ ತಂಡದ ಬಣ್ಣದ ಶಾಲು ಸುತ್ಕೊಂಡಿರೋದೂ ಅದಕ್ಕೇನಾ?"

"ನಮ್ಮವಳದ್ದು. ಅವಳ ತವರಲ್ವಾ ಅದು. ಮದುವೆಯಾದಾಗಿಂದ ಹಾಕ್ಕೊಳ್ಳೋಕೆ ಬಿಟ್ಟಿರ್ಲಿಲ್ಲ. ಇವತ್ತು ನಾನೇ ಕೇಳ್ದೆ."

"ಏನ್ ಮಾಡಿದ್ಲು?"

"ಒಗೆದು ಮಡಿಸಿಟ್ಟಿದ್ಲು, ತಂದು ಕೊರಳಿಗೆ ಸುತ್ತಿದ್ಲು."

ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಇಬ್ಬರೂ ಪಕ್ಕದೂರಿನ ಬಸ್ಸಿನ ಕಡೆ ನಡೆದರು.