ಉಡಿ ಬೇರೆ, ಪಗಾರ ಬೇರೆ

ಈಗ ಪ್ರವಚನದ ನಡುವೆ ಒಂದು ಕಥೆ ಹೇಳುತ್ತೇನೆ. ಹಿಂದೆ ಕೂತ ತಾಯಂದಿರು ಮುಂದೆ ಬನ್ನಿ. ಮೊಬೈಲನ್ನು ಚೀಲದೊಳಗೆ ಹಾಕಿ. ಮೊದಲ ಸಾಲಿನ ಕುರ್ಚಿಯಲ್ಲಿರುವ ಕಮಿಟಿಯ ಹಿರಿಯರಿಗೆ ಒಂದು ಮಾತು: ಕಥೆ ಮುಗಿಯುವವರೆಗೆ ಯಾರಿಗೂ ಅರ್ಜೆಂಟು ಫೋನ್ ಬರಬಾರದು, ಯಾರಿಗೂ ಕೆಮ್ಮು ಬರಬಾರದು.

ಒಂದು ಊರು. ಅಲ್ಲೊಬ್ಬ ಸಾಹುಕಾರ. ಊರಿನ ಹೆಸರು ಕೇಳಬೇಡಿ. ಸಾಹುಕಾರನ ಹೆಸರನ್ನಂತೂ ಕೇಳಲೇಬೇಡಿ. ನಾನು ಒಂದು ಹೆಸರು ಹೇಳಿದರೆ ನಾಲ್ಕು ಊರಿನ ನಾಲ್ಕು ಜನ 'ಮಾತಾಜಿ, ನಮ್ಮನ್ನ ಯಾಕ ಬೈದ್ರಿ' ಎಂದು ಮಠದ ಬಾಗಿಲಿಗೆ ಬರುತ್ತಾರೆ. ಆದರೆ ಅವನ ಹತ್ತಿರ ಕೆಲಸ ಕೇಳಿಕೊಂಡು ಬಂದ ಹೆಣ್ಣುಮಗಳಿಗೆ ಹೆಸರಿದೆ. ಅವಳು ಬಾಳವ್ವ. ದುಡಿಯುವವರ ಹೆಸರು ಕಥೆಯಲ್ಲಾದರೂ ಉಳಿಯಲಿ.

ಬಾಳವ್ವ ರೊಟ್ಟಿ ಬಡಿಯುವವಳು. ಹದಿನೆಂಟು ವರ್ಷ ಒಂದು ಹಳೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿದಿದ್ದಳು. ಅವಳು ಬಡಿದ ರೊಟ್ಟಿ ಹಂಚಿನ ಮೇಲೆ ಪೂರಾ ಉಬ್ಬಬೇಕು, ಮುರಿದರೆ ಒಳಗಿನಿಂದ ಹಬೆ ಬರಬೇಕು. ರಸ್ತೆ ಅಗಲ ಮಾಡುತ್ತೇವೆಂದು ಸರ್ಕಾರದವರು ಆ ಖಾನಾವಳಿಯನ್ನು ಕೆಡವಿದರು. ಗೋಡೆ ಬಿತ್ತು, ಬಾಳವ್ವನ ಕೆಲಸವೂ ಹೋಯಿತು. ಮನೆಯಲ್ಲಿ ಗಂಡ. ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನ ಬೆನ್ನ ಮೇಲೆ ಮೆಣಸಿನಕಾಯಿ ಚೀಲ ಜಾರಿ ಬಿದ್ದು ಸೊಂಟ ಹೋಗಿತ್ತು. ದೊಡ್ಡಾಸ್ಪತ್ರೆಯ ಎಲುಬಿನ ಡಾಕ್ಟರು ಬುಧವಾರ ಮಾತ್ರ ಸಿಗುವವರು. ಅವರು ಸ್ಪಷ್ಟವಾಗಿ ಹೇಳಿದ್ದರು: 'ಹನ್ನೆರಡು ವಾರ ತಪ್ಪಿಸದೆ ಕರಕೊಂಡು ಬಾ, ಕೋಲು ಬಿಟ್ಟು ನಡೀತಾನ. ಮ್ಯಾಲಿಂದ ಮ್ಯಾಲೆ ತಪ್ಪಿಸಿದಿ ಅಂದ್ರ ಹಿಂಗ ಉಳೀತಾನ.'

ಅಂದಮೇಲೆ ಬಾಳವ್ವನಿಗೆ ಏನು ಬೇಕಿತ್ತು? ಹೊಟ್ಟೆಗಾಗುವಷ್ಟು ಪಗಾರ, ಮತ್ತೆ ಬುಧವಾರ. ನೋಡಿ, ಅವಳು ಬಂಗಾರ ಕೇಳಲಿಲ್ಲ. ವಾರದ ಏಳು ದಿನಗಳಲ್ಲಿ ಗಂಡನ ಸೊಂಟಕ್ಕೆಂದು ಒಂದು ದಿನ ಕೇಳಿದಳು.

ಸಾಹುಕಾರನ ಖಾನಾವಳಿ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು, ಬಾಳವ್ವನ ಮನೆಯಿಂದ ಹತ್ತು ನಿಮಿಷದ ದಾರಿ. ಬಾಳವ್ವ ಖಾಲಿ ಕೂತಿದ್ದಾಳೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಶುಕ್ರವಾರ ಹೇಳಿ ಕಳಿಸಿದ. ಖಾನಾವಳಿಗಲ್ಲ, ಮನೆಗೆ. ದೇವರ ಕೋಣೆಯ ಮುಂದೆ ಮಣೆ ಹಾಕಿ ಕೂರಿಸಿದರು. ಸಾಹುಕಾರನ ಹೆಂಡತಿ ಅರಿಷಿಣ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಹಸಿರು ಖಣ, ತೆಂಗಿನಕಾಯಿ, ಐದು ಮುಷ್ಟಿ ಅಕ್ಕಿ, ಉತ್ತತ್ತಿ, ಎಲೆ ಅಡಿಕೆ ಹಾಕಿ ಉಡಿ ತುಂಬಿದಳು. ಬಾಳವ್ವನ ಕಣ್ಣು ತುಂಬಿತು. ತವರಿನ ಉಡಿ ಕಂಡು ಎಷ್ಟು ಕಾಲವಾಗಿತ್ತೋ ಪಾಪ.

"ಬರೂ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರದಿಂದ ಬಾ ತಂಗಿ," ಎಂದ ಸಾಹುಕಾರ, ಹೆಂಡತಿ ಕುಂಕುಮದ ತಟ್ಟೆ ಎತ್ತಿಕೊಂಡು ಒಳಗೆ ಹೋದ ಮೇಲೆ. "ಹಂಚು ನಿಂದ, ಒಲಿ ನಿಂದ."

"ಸಾವ್ಕಾರ್ರ, ಪಗಾರ..." ಎಂದಳು ಬಾಳವ್ವ.

"ಥೂ, ಉಡಿ ಒಳಗಿನ ಅಕ್ಕಿ ಇನ್ನೂ ಗಂಟು ಕಟ್ಟಿಲ್ಲ, ಪಗಾರದ ಮಾತ ಯಾಕ? ನೀ ನಮ್ಮ ಮನಿ ಮಗಳಿದ್ದಂಗ. ಮಗಳಿಗೆ ಕಡಿಮಿ ಮಾಡ್ತೀವೇನು? ನಾ ತಿಳಕೊಂಡು ಕೊಡ್ತೀನಿ."

ತಿಳಕೊಂಡು ಕೊಡ್ತೀನಿ! ಈ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಇಲ್ಲಿರುವವರಲ್ಲಿ ಎಷ್ಟು ಜನ ಆಡಿದ್ದೀರಿ? ಬಾಳವ್ವನ ಬಾಯಿ ಅಲ್ಲಿಗೇ ಕಟ್ಟಿಹೋಯಿತು. ಉಡಿಯಲ್ಲಿ ಐದು ಮುಷ್ಟಿ ಅಕ್ಕಿ ಹೊತ್ತುಕೊಂಡು, ಎಷ್ಟು ಪಗಾರ ಎಂಬುದೂ ಗೊತ್ತಿಲ್ಲದೆ, ಬುಧವಾರದ ಮಾತು ಎತ್ತದೆ ಮನೆಗೆ ಬಂದಳು.

ಮರುದಿನ ಕಾಲೇಜು ಹಾಸ್ಟೆಲ್ಲಿನ ಮೆಸ್ಸಿನ ಮ್ಯಾನೇಜರು ಮನೆ ಹುಡುಕಿಕೊಂಡು ಬಂದ. ಆತ ಚಪ್ಪಲಿಯನ್ನೂ ಬಿಡಲಿಲ್ಲ, ಬಾಗಿಲಲ್ಲೇ ನಿಂತ. "ತಿಂಗಳಿಗೆ ಹನ್ನೆರಡು ಸಾವಿರ. ತಿಂಗಳಿಗೆ ಎರಡು ರವಿವಾರ ರಜಾ. ಬುಧವಾರ ರೊಟ್ಟಿ ಊಟ ಇರ್ತದ, ಅವತ್ತ ರಜಾ ಕೇಳಬ್ಯಾಡ. ಬರೂ ಬುಧವಾರ ಸಂಜಿ ಒಳಗ ಹೂಂ ಇಲ್ಲಾ ಊಹೂಂ ಹೇಳು," ಎಂದು ಹೊರಟುಹೋದ. ಒರಟ ನಿಜ. ಆದರೆ ಎರಡೇ ನಿಮಿಷದಲ್ಲಿ ಎಲ್ಲ ತಿಳಿಯಿತು. ಸಾಹುಕಾರನ ದೇವರ ಕೋಣೆಯ ಮುಂದೆ ಒಂದು ತಾಸು ಕೂತರೂ ಇಷ್ಟು ತಿಳಿದಿರಲಿಲ್ಲ.

ಪಕ್ಕದ ಮನೆಯವಳಿಗೆ ಬಾಳವ್ವ ಸಂಕಟ ತೋಡಿಕೊಂಡಳು. ಆಕೆ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. "ಏನ ಹುಚ್ಚಿ ಅದಿ! ಉಡಿ ತುಂಬಿಸ್ಕೊಂಡ ಮ್ಯಾಲ ಪಗಾರ ಕೇಳ್ತಾರೇನ? ಕೇಳಿದೋರು ಛೀ ಅಂದಾರು."

ಹಾಸಿಗೆಯ ಮೇಲಿದ್ದ ಗಂಡ ಅಷ್ಟೂ ಕೇಳಿಸಿಕೊಂಡ. ನಿಧಾನಕ್ಕೆ ಹೇಳಿದ: "ನಾ ಇಪ್ಪತ್ತು ವರ್ಷ ಚೀಲ ಹೊತ್ತೀನಿ. ಚೀಲಕ್ಕ ಎಷ್ಟು ಅಂತ ಹೇಳಿಸ್ಕೊಳ್ಳದ ಒಂದು ಚೀಲಕ್ಕೂ ಬೆನ್ನು ಕೊಟ್ಟಿಲ್ಲ. ಎತ್ತಿದ ಮ್ಯಾಲ ಯಾವ ಮಗ ದರ ಹೇಳ್ತಾನ? ಹೋಗಿ ಕೇಳು. ರೊಟ್ಟಿ ಬಡಿಯೂ ನಿನ್ನ ರಟ್ಟಿ ದೇವರ ಹರಕಿಗೆ ಬಿಟ್ಟದ್ದೇನು?"

ಬಾಳವ್ವ ಅಂದು ಉಡಿಯ ಅಕ್ಕಿಯಿಂದ ಪಾಯಸ ಮಾಡಿದಳು. ಉಡಿಯನ್ನು ವಾಪಸು ಕೊಡಬಾರದು, ಅದು ಶಾಸ್ತ್ರ. ಗಂಡನಿಗೆ ಬಡಿಸಿದಳು, ತಾನೂ ಉಂಡಳು. ಉಣ್ಣುತ್ತಾ ಅವಳಿಗೆ ಒಂದು ಮಾತು ಗಟ್ಟಿಯಾಗಿ ತಿಳಿಯಿತು: ಪಾಯಸ ಮುಗಿಯಿತು, ಉಡಿಯ ಋಣ ಒಂದು ನಮಸ್ಕಾರಕ್ಕೆ ತೀರಿತು. ಇನ್ನು ಮಾತಾಡಬೇಕಾದದ್ದು ರೊಟ್ಟಿಯದ್ದು.

ಮಂಗಳವಾರದವರೆಗೂ ಧೈರ್ಯ ಬರಲಿಲ್ಲ. ಮ್ಯಾನೇಜರನ ಗಡುವು ಎದುರಿಗೆ ಬಂದು ನಿಂತಾಗ, ಬುಧವಾರ ಮಧ್ಯಾಹ್ನ ಸೆರಗು ಬಿಗಿದು ಹೊರಟಳು. ಆ ವಾರದ ಆಸ್ಪತ್ರೆಯೂ ತಪ್ಪಿತು. ಅದೇ ಸಿಟ್ಟು ಅವಳನ್ನು ಬಾಗಿಲವರೆಗೆ ನಡೆಸಿತು ಅನ್ನಿ.

ಬುಧವಾರ ಆ ಊರ ಸಂತೆ. ಖಾನಾವಳಿಯಲ್ಲಿ ಕಾಲಿಡಲು ಜಾಗವಿಲ್ಲ. ತಾಟಿನ ತುಂಬ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. 'ರೊಟ್ಟಿ ತಾರಪಾ, ರೊಟ್ಟಿ ತಾ' ಎಂದು ಎಲ್ಲ ಕಡೆಯಿಂದ ಕೂಗು. ಒಳಗೆ ಮೂರು ಹೆಂಗಸರು ಸಾಲಾಗಿ ಕೂತು ಬಡಿಯುತ್ತಿದ್ದಾರೆ. ಟಪ ಟಪ ಟಪ ಟಪ. ಸಾಹುಕಾರ ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದಾನೆ, ಹೆಂಡತಿ ಪಕ್ಕದಲ್ಲಿ ಎಲೆ ಅಡಿಕೆ ಕಟ್ಟುತ್ತಿದ್ದಾಳೆ.

"ಸಾವ್ಕಾರ್ರ, ಪಗಾರ ಎಷ್ಟು ಹೇಳ್ರಿ. ಹಾಸ್ಟೆಲ್ಲಿನವರು ಹನ್ನೆರಡು ಅಂದಾರ. ನನಗ ಹದಿಮೂರು ಬೇಕು. ಬುಧವಾರ ರಜಾ ಬೇಕು," ಎಂದಳು ಬಾಳವ್ವ. ದಾರಿಯುದ್ದಕ್ಕೂ ಹತ್ತು ಸಲ ಹೇಳಿಕೊಂಡು ಬಂದ ಮಾತು, ಒಂದೇ ಉಸಿರಿಗೆ ಹೊರಬಿತ್ತು.

ಸಾಹುಕಾರ ಸುತ್ತ ನೋಡಿದ. ದನಿ ಏರಿಸಿದ, ನಾಲ್ಕು ಜನ ಕೇಳಲೆಂದೇ ಏರಿಸಿದ. "ಏನವಾ ಇದು? ದೇವರ ಮುಂದ ಉಡಿ ತುಂಬಿಸ್ಕೊಂಡು ಹೋಗಿ ಈಗ ವ್ಯಾಪಾರ ಮಾಡ್ಲಿಕ್ಕೆ ಬಂದಿ? ಉಡಿಗೆ ಬೆಲಿ ಕಟ್ತೀಯೇನು?"

ಸುಳ್ಳು ಯಾಕೆ ಹೇಳಲಿ, ಬಾಳವ್ವನಿಗೆ ಓಡಿಹೋಗೋಣ ಅನ್ನಿಸಿತು. ಆದರೆ ಮನೆಗೆ ಹೋದರೆ ಗಂಡನ ಕೋಲು ಕಾಣುತ್ತದಲ್ಲ. ನಿಂತಳು.

"ಉಡಿ ತುಂಬಿದವರು ಅಕ್ಕಾರು. ಅವರಿಗೆ ಕೈ ಮುಗೀತೀನಿ. ರೊಟ್ಟಿ ಮಾರವರು ನೀವು. ಉಡಿ ಬ್ಯಾರೆ, ಪಗಾರ ಬ್ಯಾರೆ. ಉಡಿ ಲೆಕ್ಕ ದೇವರ ಹತ್ರ ಇರ್ಲಿ, ರೊಟ್ಟಿ ಲೆಕ್ಕ ನೀವು ಹೇಳ್ರಿ."

"ಅಲ್ಲ, ನೀ ಮನಿ ಮಗಳಿದ್ದಂಗ ಅಂತ..."

"ಮಗಳು ಅಂದ್ರ ಮಗಳ ಆಗ್ತೀನ್ರಿ. ಈಗ ಕಾಯ್ದೆ ಬಂದೈತಿ, ಮಗಳಿಗೂ ಆಸ್ತ್ಯಾಗ ಪಾಲು ಕೊಡಬೇಕು. ನಾಳೆ ವಕೀಲರ ಹತ್ರ ಹೋಗೂಣೇನು? ಬ್ಯಾಡ ಅಂದ್ರ ಪಗಾರ ಹೇಳ್ರಿ."

ಉಣ್ಣುತ್ತಿದ್ದವರು ಹೋ ಎಂದು ನಕ್ಕರು. ಒಬ್ಬನಿಗೆ ಚಟ್ನಿ ನೆತ್ತಿಗೇರಿತು. ನಗದವಳು ಒಬ್ಬಳೇ, ಸಾಹುಕಾರನ ಹೆಂಡತಿ. ಆಕೆ ಎಲೆಯ ಬುಟ್ಟಿಯನ್ನು ಬದಿಗಿಟ್ಟು ಗಂಡನ ಮುಖ ನೋಡಿದಳು. "ಪಗಾರ ಮಾತಾಡಿ ಮುಗಿಸೀನಿ ಅಂದಿದ್ರಲ್ಲ? ನನ್ನ ಕೈಲೆ ಉಡಿ ತುಂಬಿಸಿ ಆಕಿ ಬಾಯಿ ಕಟ್ಟಿಸಿದ್ರೇನು? ಅರಿಷಿಣ ಕುಂಕುಮ ಏನು ಅಂತ ತಿಳದೀರಿ ನೀವು?"

ಸಾಹುಕಾರನ ಮುಖ ಇಷ್ಟು ಸಣ್ಣದಾಯಿತು. ಎದ್ದು ಬಂದ. ಬಾಳವ್ವನನ್ನು ಕೈ ತೊಳೆಯುವ ಜಾಗದ ಹತ್ತಿರ ಕರೆದು ಪಿಸುಗುಟ್ಟಿದ: "ಆತು ಮಾರಾಯ್ತಿ. ಹದಿಮೂರು. ಬುಧವಾರನೂ ತಗೋ. ಆದ್ರ ಒಳಗ ಕೂತ ಆ ಮೂವರಿಗೆ ತಿಳೀಬಾರದು. ಅವರಿಗೆ ಒಂಬತ್ತು ಕೊಡ್ತೀನಿ."

ಇಲ್ಲಿ ಸ್ವಲ್ಪ ನಿಲ್ಲಿ. ಕೇಳಿದ್ದೆಲ್ಲ ಬಂತು. ಹದಿಮೂರು ಬಂತು, ಬುಧವಾರ ಬಂತು, ಗಂಡನ ಸೊಂಟ ಬಂತು. ಸುಮ್ಮನೆ 'ಆಗಲಿ' ಎಂದು ಮನೆಗೆ ಹೋಗಿದ್ದರೆ ಯಾರು ಬೇಡ ಎನ್ನುತ್ತಿದ್ದರು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಹೇಳಲಾ? ಹೋಗುತ್ತಿದ್ದಿರಿ! ನಾನೂ ಹೋಗುತ್ತಿದ್ದೆ.

ಬಾಳವ್ವನಿಗೂ ಹಾಗೇ ಅನ್ನಿಸಿತು. ಒಂದು ಹೆಜ್ಜೆ ಇಟ್ಟಳು ಕೂಡ. ಅಷ್ಟರಲ್ಲಿ ಒಳಗಿನಿಂದ ಟಪ ಟಪ ಕೇಳಿಸಿತು. ಹದಿನೆಂಟು ವರ್ಷ ಅವಳ ಕೈಯಿಂದ ಬಂದ ಸದ್ದು ಅದು. ಸೋಮವಾರದಿಂದ ಆ ಮೂವರ ಪಕ್ಕದಲ್ಲಿ ಕೂರಬೇಕು, ಅದೇ ಹೊಗೆ ಕುಡಿಯಬೇಕು, ಅವರ ಮುಖ ನೋಡಬೇಕು. ಏನೆಂದು ನೋಡುವುದು? ಅವಳಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು:

"ಅಕ್ಕಾ, ಸಾವ್ಕಾರ್ರು ನನಗ ಹದಿಮೂರು ಸಾವಿರಕ್ಕ ಒಪ್ಪ್ಯಾರ! ಬುಧವಾರ ರಜಾನೂ ಕೊಟ್ಟಾರ!"

ಟಪ ಟಪ ನಿಂತಿತು.

ಒಳಗಿನಿಂದ ಎಲ್ಲರಿಗಿಂತ ಹಿರಿಯಳು ಎದ್ದು ಬಂದಳು. ಮೊಣಕೈವರೆಗೆ ಹಿಟ್ಟು. ಆಕೆ ಜಗಳ ತೆಗೆಯಲಿಲ್ಲ, ಬೈಯಲಿಲ್ಲ. ಸಾಹುಕಾರನ ಮುಂದೆ ನಿಂತು ಒಂದೇ ಮಾತು ಕೇಳಿದಳು.

"ನಮಗ?"

ನಲವತ್ತು ತಾಟು, ನಲವತ್ತೂ ತಾಟಿನಲ್ಲಿ ಎಣ್ಣೆಗಾಯಿ, ಒಂದರಲ್ಲೂ ರೊಟ್ಟಿ ಇಲ್ಲ. ಸಂತೆಗೆ ಬಂದವರು ಹಸಿದವರು. "ಏ ಸಾವ್ಕಾರ, ಲಗೂ ಹೇಳಪಾ, ಬಸ್ಸು ಹೋಗ್ತೈತಿ," ಎಂದ ಒಬ್ಬ. ಸಾಹುಕಾರ ಬಾಳವ್ವನ ಕಡೆ ನೋಡಿದ. "ಈಕಿ ಬುಧವಾರ ಬರಂಗಿಲ್ಲ, ಸಂತಿ ದಿನ ನಾ ಏನು ಮಾಡ್ಲಿ?" ಎಂದು ಗೊಣಗಿದ.

ಹಿರಿಯಳು ಹೇಳಿದಳು: "ಬುಧವಾರ ಆಕಿ ಹಂಚು ನಾವು ನೋಡ್ಕೋತೀವಿ. ಆಕಿ ಗಂಡನ್ನ ದವಾಖಾನಿಗೆ ಕರಕೊಂಡು ಹೋಗ್ಲಿ. ನೀವು ನಮ್ಮ ಪಗಾರ ಹೇಳ್ರಿ."

ಸಾಹುಕಾರನ ಮನಸ್ಸು ಕರಗಿತು, ಕಣ್ಣೀರು ಸುರಿಸಿದ ಎಂದು ಹೇಳುತ್ತೇನೆಂದು ಕಾಯುತ್ತಿದ್ದೀರಾ? ಕರಗಲಿಲ್ಲ. ಜಗ್ಗಾಡಿದ. ಕೊನೆಗೆ ಮೂವರಿಗೂ ಹನ್ನೆರಡು, ಯುಗಾದಿಯಿಂದ ಹದಿಮೂರು ಎಂದು ಮಾತಾಯಿತು. ಎಲ್ಲರ ಎದುರು ಆಯಿತು, ಬಾಯಿ ಬಿಟ್ಟು ಆಯಿತು. ಆಮೇಲೆ ರೊಟ್ಟಿ ಬಂತು. ಸಾಹುಕಾರ ದಿವಾಳಿಯಾದನೇ? ಎಲ್ಲಿಯದು! ಊಟಕ್ಕೆ ಹತ್ತು ರೂಪಾಯಿ ಏರಿಸಿದ, ಜನ ಬೈಯುತ್ತಲೇ ಉಂಡರು. ಮೆಸ್ಸಿನ ಮ್ಯಾನೇಜರನಿಗೆ ಬಾಳವ್ವ ಸಂಜೆಯೊಳಗೆ 'ಊಹೂಂ' ಎಂದು ಹೇಳಿ ಕಳಿಸಿದಳು. ಮುಂದಿನ ಬುಧವಾರ ಗಂಡನನ್ನು ಬಸ್ಸು ಹತ್ತಿಸಿದಳು.

ಕಥೆ ಮುಗಿಯಿತು ಎಂದು ಚಪ್ಪಾಳೆ ತಟ್ಟುತ್ತೀರಾ? ತಟ್ಟಬೇಡಿ. ಕೈ ಕೆಳಗಿಡಿ. ಎಲ್ಲರೂ ಒಂದು ನಿಮಿಷ ಸುಮ್ಮನಿರಿ. ಮೈಕಿನ ಅಣ್ಣಾ, ಮೈಕು ಬಂದ್ ಮಾಡು.

ಕೇಳಿಸಿತೇ?

ಟಪ ಟಪ ಟಪ. ಈ ವೇದಿಕೆಯ ಹಿಂದೆ, ನಮ್ಮ ದಾಸೋಹದ ಮನೆಯಲ್ಲಿ. ಹನ್ನೊಂದು ದಿನದಿಂದ ಐದು ಜನ ತಾಯಂದಿರು ನಿಮಗಾಗಿ, ನನಗಾಗಿ ರೊಟ್ಟಿ ಬಡಿಯುತ್ತಿದ್ದಾರೆ. ಪ್ರವಚನ ನಡೆಯುವುದು ಅಲ್ಲಿ. ಇಲ್ಲಿ ನಾನು ಬರೀ ಬಾಯಿ ಬಡಿಯುತ್ತಿದ್ದೇನೆ. ಆ ಐವರಿಗೆ ಪಗಾರ ಎಷ್ಟು? ಹೇಳಿ. ಕಮಿಟಿಯವರೇ, ತಲೆ ತಗ್ಗಿಸಬೇಡಿ, ಹೇಳಿ. ನಿನ್ನೆ ನಾನೇ ಕೇಳಿದೆ, 'ಅದು ಸೇವೆ ಮಾತಾಜಿ' ಎಂದಿರಿ. ಸರಿ, ಸೇವೆ. ಹಾಗಾದರೆ ಮೈಕಿನವನಿಗೆ ಯಾಕೆ ಬಾಡಿಗೆ? ಪೆಂಡಾಲಿನವನಿಗೆ ಯಾಕೆ ಮುಂಗಡ? ನನಗೆ ಯಾಕೆ ಲಕೋಟೆ? ಹೌದು, ನನಗೂ ಲಕೋಟೆ ಇದೆ, ಬರುವ ಮೊದಲೇ ಫೋನಿನಲ್ಲಿ ಎಷ್ಟೆಂದು ಮಾತಾಡಿದ್ದೇನೆ. ಮುಚ್ಚಿಡುವುದು ಯಾಕೆ? ಎಲ್ಲರಿಗೂ ದರ ಇದೆ, ಹಂಚಿನ ಮುಂದೆ ಕೂತವಳಿಗೆ ಮಾತ್ರ ಪುಣ್ಯ! ಕಾವಿ ಉಡುವ ಮೊದಲು ನಾನೂ ಪುಣ್ಯಕ್ಕೆ ನಾಲ್ಕು ವರ್ಷ ರೊಟ್ಟಿ ಬಡಿದವಳು. ಈ ಅಂಗೈ ಸುಟ್ಟ ಕಲೆ ಪುಣ್ಯದಿಂದ ಹೋಗಿಲ್ಲ.

ನಾಳೆ ಪ್ರವಚನದ ಮಂಗಲ, ಕೊನೆಯ ದಿನ. ಆ ಐವರನ್ನು ವೇದಿಕೆಗೆ ಕರೆಯುತ್ತೀರಿ, ಫೋಟೋ ತೆಗೆಸುತ್ತೀರಿ, ಉಡಿ ತುಂಬುತ್ತೀರಿ. ತುಂಬಿ, ಧಾರಾಳವಾಗಿ ತುಂಬಿ. ಆದರೆ ಅದಕ್ಕೂ ಮೊದಲು ಕೂತು ದಿನಕ್ಕೆಷ್ಟು ಎಂದು ಅವರ ಬಾಯಿಂದಲೇ ಹೇಳಿಸಿ, ಕೈಗೆ ಕೊಡಿ. ಅಲ್ಲಿಯವರೆಗೆ ನನ್ನ ಲಕೋಟೆ ನಾನು ಮುಟ್ಟುವುದಿಲ್ಲ. ಇದು ಬಿನ್ನಹ ಅಲ್ಲ.

ಇನ್ನು ನೀವು. ಕೆಲಸಕ್ಕೆ ಜನ ಇಟ್ಟುಕೊಳ್ಳುವವರು ಚಹಾ ಕೊಡುವ ಮೊದಲು ಪಗಾರ ಹೇಳಿ. 'ತಿಳಕೊಂಡು ಕೊಡ್ತೀನಿ' ಎಂಬ ಮಾತನ್ನು ಇವತ್ತೇ ಬಾಯಿಂದ ಉಗುಳಿಬಿಡಿ. ಕೆಲಸ ಹುಡುಕುವ ಮಕ್ಕಳೇ, ಎರಡು ಕಡೆಯಿಂದ ಕರೆ ಬಂದರೆ ಹೆದರಬೇಡಿ, ಎರಡೂ ಕಡೆ ಕೇಳಿ. ನಿಮಗೆ ಬೇಕಾದದ್ದು ದುಡ್ಡೋ, ಒಂದು ಬುಧವಾರವೋ, ಅದನ್ನು ಹೆಸರಿಟ್ಟು ಕೇಳಿ. ಕೇಳಿದವರನ್ನು ಗಯ್ಯಾಳಿ ಎನ್ನುವ ನಾಲಿಗೆಗಳು ಈ ಪೆಂಡಾಲಿನಲ್ಲೇ ಇವೆ, ಅವಕ್ಕೆ ಹೇಳುತ್ತಿದ್ದೇನೆ: ಸಾಕು ಮಾಡಿ. ಮತ್ತೆ, ನಿಮಗೆ ಸಿಕ್ಕಿದ್ದನ್ನು ಪಕ್ಕದಲ್ಲಿ ಕೂತು ದುಡಿಯುವವಳಿಗೆ ಹೇಳಿ. ಪಿಸುಗುಟ್ಟಬೇಡಿ, ಕೂಗಿ ಹೇಳಿ.

ಈಗ ಪ್ರಸಾದಕ್ಕೆ ಏಳಿ. ಸಾಲಿನಲ್ಲಿ ತಾಟು ಹಿಡಿದು ನಿಂತಾಗ, ರೊಟ್ಟಿ ಹಾಕುವ ಆ ತಾಯಿಯ ಮುಖ ನೋಡಿ. ಮೊದಲು ಹೆಸರು ಕೇಳಿ. ಆಮೇಲೆ, 'ನಿಮಗ ಎಷ್ಟು ಕೊಡ್ತಾರವಾ?' ಎಂದು ಕೇಳಿ. ಕಮಿಟಿಯವರು ಪಕ್ಕದಲ್ಲೇ ನಿಂತಿರುತ್ತಾರೆ, ಅವರಿಗೂ ಕೇಳಿಸಲಿ.