ತವರಿನ ಕಟ್ಟಿನಲ್ಲಿದ್ದ ಪೇಪರು

ಇಂದೂಬಾಯಿ ಗಂಡ ರಾಮಚಂದ್ರ ಗಲಗಲಿ, ವಯಸ್ಸು 39 ವರ್ಷ, ಉದ್ಯೋಗ: ನೀಲಮ್ಮ ಸ್ಮಾರಕ ದವಾಖಾನೆಯಲ್ಲಿ ಕೇಸ್ ಪೇಪರು ಕಾಯುವ ಕಾರಕೂನಿಕೆ, ಸಾಕಿನ್ ಬಸವನ ಬಾಗೇವಾಡಿ.

ನಮ್ಮ ಮ್ಯಾನೇಜರ ಶ್ರೀಶೈಲಪ್ಪನವರು ನನ್ನ ಮೇಲೆ ದೂರು ಕೊಟ್ಟಿದ್ದರಿಂದ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ದಿನಾಂಕ 4-8-1976ರಂದು ನಾನು ಕೇಸ್ ಪೇಪರಿನ ಆರು ಕಟ್ಟುಗಳನ್ನು ಕಿಂಡಿಯಿಂದ ಹಿತ್ತಲಿಗೆ ಎಸೆದದ್ದು ನಿಜ. ಯಾಕೆ ಎಸೆದೆ ಎಂಬುದನ್ನು ಅವರು ದೂರಿನಲ್ಲಿ ಬರೆಸಿಲ್ಲ. ನಾನು ಬರೆಸುತ್ತೇನೆ.

ಹೋದ ವರ್ಷ ಯಾವುದೋ ಹೊಡೆದಾಟದ ಗಾಯಾಳುವಿನ ಪೇಪರು ಕಾಣೆಯಾದ ಮೇಲೆ ಮ್ಯಾನೇಜರರು ಹೊಸ ಕಾಯ್ದೆ ಮಾಡಿದರು. ಯಾರ ಪೇಪರು ಯಾವ ಕಟ್ಟಿನಲ್ಲಿದೆ ಎಂದು ತೋರಿಸುವ ಹೆಸರಿನ ಬುಕ್ಕು ಅವರ ಕಪಾಟಿನಲ್ಲಿ, ಪೇಪರು ನನ್ನ ಕೋಣೆಯಲ್ಲಿ. ನಾನು ಒಳಗೆ ಹುಡುಕುವಾಗ ಹೊರಗಿನಿಂದ ಕೀಲಿ ಹಾಕಬೇಕು, ಕೀಲಿಕೈ ಅವರ ಕಿಸೆಯಲ್ಲಿರಬೇಕು. ಬುಕ್ಕಿಲ್ಲದೆ ಹುಡುಕುವುದೆಂದರೆ ಆಯಾ ಊರಿನ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತಿರುವುವುದು. ತಡವಾದರೆ ಬೈಗುಳ ಮಾತ್ರ ನನಗೆ.

ನಿನ್ನೆ ಮಧ್ಯಾಹ್ನ 2 ಗಂಟೆಗೆ ತಂಗಡಗಿಯ ಸಿದ್ರಾಮ ಎಂಬವನು ಹೆಂಡತಿ ಶಂಕ್ರೆವ್ವಳನ್ನು ಕರೆತಂದನು. ಪಂಚಮಿಗೆಂದು ಮನಗೂಳಿಯ ತವರಿಗೆ ಬಂದವಳ ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿ, ಜ್ವರ ಏರಿ ಎಚ್ಚರ ತಪ್ಪಿತ್ತು. ಡಾಕ್ಟರ್ ಬಸಂತರಾಯರು ಸೂಜಿಗೆ ತಯಾರಾದಾಗ ಸಿದ್ರಾಮನು, “ಹಿಂದೊಮ್ಮೆ ಇಲ್ಲೇ ಸೂಜಿ ಮಾಡಿದ್ದಕ್ಕ ಉಸರು ಕಟ್ಟಿತ್ತಂತರಿ. ಯಾ ಸೂಜಿ ನನಗ ಗೊತ್ತಿಲ್ರಿ, ನಾ ಆವಾಗ ಇರಲಿಲ್ಲ” ಎಂದನು. ಹಳೆಯ ಪೇಪರು ಬೇಗ ತೆಗೆಯಬೇಕೆಂದು ಡಾಕ್ಟರರು ಹೇಳಿದರು.

2-15ಕ್ಕೆ ಮ್ಯಾನೇಜರರು ನನ್ನನ್ನು ಒಳಗೆ ಬಿಟ್ಟು, ಕೀಲಿ ಹಾಕಿಕೊಂಡು ಊಟಕ್ಕೆ ಮನೆಗೆ ಹೋದರು. ನಾನು ತಂಗಡಗಿಯ ಕಟ್ಟನ್ನು ಎರಡು ಸಲ ತಿರುವಿದೆ. ಸಿದ್ರಾಮನ ಹೆಂಡತಿ ಶಂಕ್ರೆವ್ವ ಅದರಲ್ಲಿರಲಿಲ್ಲ. ವಾರ್ಡಿನ ಸಿಪಾಯಿ ದಾವಲಮಲಿಕನು ಬಾಗಿಲ ಹೊರಗೆ ನಿಂತು ಕೇಳಿದಾಗ ಪೇಪರು ಇಲ್ಲವೆಂದೆ. ಅವನು ಹೋದನು.

ಕಟ್ಟನ್ನು ಮತ್ತೆ ಕಟ್ಟುವಾಗ ನನಗೆ ಹೊಳೆಯಿತು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುತ್ತಾಳೆ. ದವಾಖಾನೆಗೆ ಕರೆತರುವವನು ಅಪ್ಪ, ಹೆಸರು ಬರೆಸುವವನೂ ಅಪ್ಪ. ಮನಗೂಳಿಯ ಕಟ್ಟು ಬಿಚ್ಚಿದೆ. ‘ಶಂಕ್ರೆವ್ವ ತಂದೆ ದುಂಡಪ್ಪ, ಚೊಚ್ಚಲ ಹೆರಿಗೆ’ ಎಂದಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ, ಪೆನಿಸಿಲಿನ್‌ನಿಂದ ಉಸಿರು ಕಟ್ಟಿತ್ತು, ಮತ್ತೆಂದೂ ಕೊಡಬಾರದು ಎಂದು ಬರೆದಿತ್ತು. ಇಲ್ಲವೆಂಬ ನನ್ನ ಮಾತು ಅಷ್ಟರಲ್ಲಿ ವಾರ್ಡು ಮುಟ್ಟಿತ್ತು, ಇನ್ನು ಡಾಕ್ಟರರು ಅದೇ ಸೂಜಿ ಮಾಡಿಬಿಡಬಹುದಿತ್ತು.

ತಗಡಿನ ಬಾಗಿಲನ್ನು ಎರಡೂ ಕೈಯಿಂದ ಬಡಿದೆ, ಕೂಗಿದೆ. ಮಗ್ಗುಲಿನ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಸ್ಟೂಲು ಹತ್ತಿದರೂ ಕಿಂಡಿಗೆ ನನ್ನ ಮುಖ ಎಟುಕಲಿಲ್ಲ, ಕೈ ಮಾತ್ರ ಎಟುಕಿತು. ಹಿತ್ತಲಲ್ಲಿ ಒಗೆಯುವ ಕೆಲಸದ ಸಗೀರಾ ವಾರ್ಡಿನ ಚಾದರ ಒಗೆಯುತ್ತಿರುತ್ತಾಳೆಂದು ನೆನಪಾಗಿ ಕಟ್ಟುಗಳನ್ನು ಒಂದೊಂದಾಗಿ ಎಸೆದೆ. ಆರನೆಯದಕ್ಕೆ ಅವಳು ಕಿಂಡಿಯ ಕೆಳಗೆ ಬಂದು, “ಏನ್ರಿ ಬಾಯಾರ, ಕಾಗದದ ಮಳಿ ಹಚ್ಚೀರಿ?” ಎಂದು ನಕ್ಕಳು. ನಾನು, “ಓಡ ಸಗೀರಾ! ಶಂಕ್ರೆವ್ವಗ ಪೆನಿಸಿಲಿನ್ ಕೊಡಬ್ಯಾಡ್ರಿ ಅಂತ ಡಾಕ್ಟರಿಗೆ ಹೇಳ!” ಎಂದು ಚೀರಿದೆ. ಅವಳು ಓಡಿದಳು.

ಆಮೇಲೆ ನನಗೆ ಗಿರಣಿಯ ಸದ್ದೊಂದೇ. ಆ ಹೆಣ್ಣುಮಗಳು ಉಳಿದಳೋ ಹೋದಳೋ ತಿಳಿಯದೆ ನೆಲಕ್ಕೆ ಕುಳಿತು ಅತ್ತೆ. ಮ್ಯಾನೇಜರರನ್ನು ಬಾಯಿಗೆ ಬಂದಂತೆ ಬೈದೆ, ಅದೂ ನಿಜ.

3-20ಕ್ಕೆ ಅವರು ಬಾಗಿಲು ತೆಗೆದು, “ಯಾರ ಪರವಾನಗಿ ಕೇಳಿ ಒಗದ್ರಿ?” ಎಂದರು. ನಾನು, “ಆಕಿ ಅದಾಳೇನ್ರಿ?” ಎಂದೆ. ಅವರಿಗೆ ಅದು ಗೊತ್ತಿರಲಿಲ್ಲ. ಪೇಪರನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾರ್ಡಿಗೆ ಓಡಿದೆ. ಒಗೆಯುವವರಿಗೆ ಒಳಗೆ ಪರವಾನಗಿಯಿಲ್ಲವೆಂದು ದಾವಲಮಲಿಕನು ಸಗೀರಾಳನ್ನು ತಡೆದಿದ್ದನಂತೆ. ಅವಳು ಹೊಸ್ತಿಲಲ್ಲೇ ನಿಂತು ಕೂಗಿದ್ದಳಂತೆ. ಔಷಧ ತುಂಬಿದ ಸೂಜಿ ತಾಟಿನಲ್ಲಿ ಹಾಗೇ ಇತ್ತು. ಶಂಕ್ರೆವ್ವ ಉಸಿರಾಡುತ್ತಿದ್ದಳು.

ಆ ಪೇಪರಿನಲ್ಲಿ ಅಪ್ಪನ ಹೆಸರಿನ ಕೆಳಗೆ ಗಂಡನ ಹೆಸರು, ಊರು ನಾನೇ ಬರೆದಿದ್ದೇನೆ. ಯಾರ ಪರವಾನಗಿಯನ್ನೂ ಕೇಳಿಲ್ಲ.

ಇದನ್ನು ಜಮಾದಾರರು ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ಮೇಲೆ ನನ್ನ ಗಂಡನ ಹೆಸರೊಂದೇ ಇದೆ, ತಂದೆಯದನ್ನೂ ಬರೆಯಿರಿ ಎಂದು ಕೇಳಿದ್ದಕ್ಕೆ ಅದಕ್ಕೆ ಜಾಗವಿಲ್ಲವೆಂದರು. ಆದ್ದರಿಂದ ಸಹಿಯ ಕೆಳಗೆ ನನ್ನ ಕೈಯಾರೆ ಬರೆದಿದ್ದೇನೆ.

ಸ್ಥಳ: ಬಸವನ ಬಾಗೇವಾಡಿ
ದಿನಾಂಕ: 5-8-1976

(ಸಹಿ) ಇಂದೂಬಾಯಿ
ತಂದೆ ಭೀಮಾಚಾರ್ಯ ಜೋಶಿ, ತವರು ಮುದ್ದೇಬಿಹಾಳ