ಹಸುವಿನೊಳಗಿದ್ದ ಕೈ

ಬಾಗಿಲು ಮುಂದೆ ಮಾಡಿ ಬನ್ನಿ, ಹೇಳುತ್ತೇನೆ. ಕಟ್ಟಿ ಹೇಳುವ ಚಟ ನನಗಿಲ್ಲ. ಇದು ನಮ್ಮೂರು ಗುಡ್ನಾಪುರದಲ್ಲಿ, ಚಿಕ್ಕಪ್ಪನ ಮಗಳು ಪ್ರತಿಭಾಗೆ ಹೋದ ವರ್ಷ ಆದದ್ದು. ಅವಳೇ ಹೇಳಿದಳು, ಅದೂ ಒಂದೇ ಒಂದು ಸಲ.

ಪ್ರತಿಭಾ ಪಶುವೈದ್ಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಪರೀಕ್ಷೆಗೆ ಇಪ್ಪತ್ತು ದಿನವಿತ್ತು, ಓದಲು ರಜೆ ಕೊಟ್ಟಿದ್ದರು. ಊರವರ ಲೆಕ್ಕದಲ್ಲಿ ಅವಳು ಆಗಲೇ ಡಾಕ್ಟರು. ಅವಳ ಸಂಕಟ ಅವಳಿಗೆ. ಕಾಲೇಜಿನಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಸಲು ಒಂದು ತಗಡಿನ ಪೆಟ್ಟಿಗೆ ಇದೆ. ಅದರೊಳಗೆ ಸತ್ತ ಕರುವನ್ನು ಅಡ್ಡಾದಿಡ್ಡಿ ಇಡುತ್ತಾರೆ. ತೂತಿನಿಂದ ತೋಳು ತೂರಿಸಿ, ಕಣ್ಣಿಗೆ ಕಾಣದ ಕರುವನ್ನು ಕೈಯಲ್ಲೇ ಸರಿಮಾಡಿ ಎಳೆಯಬೇಕು. ಕೆಲವು ತಿಂಗಳ ಕೆಳಗೆ ಒಂದು ದಿನ, ಹಿಂದಕ್ಕೆ ಮಡಚಿದ್ದ ತಲೆಯನ್ನು ತಿರುಗಿಸಲು ಪ್ರತಿಭಾಗೆ ಆಗಲಿಲ್ಲ. "ನಿಜವಾದ ಹಸು ಆಗಿದ್ದರೆ ಎರಡು ಜೀವ ಹೋಗಿರೋದು," ಅಂದರು ಮೇಷ್ಟ್ರು, ಎಲ್ಲರ ಎದುರಿಗೆ.

ಅವತ್ತಿನಿಂದ ಗೆಳತಿಯರು ಕೂತು ಓದುವಾಗ ಅವಳನ್ನು ಕರೆಯಲಿಲ್ಲ. ಜಗಳವೇನೂ ಆಗಿರಲಿಲ್ಲ, ಸುಮ್ಮನೆ ಕರೆಯುವುದು ಬಿಟ್ಟರು. ಮನೆಯಲ್ಲಿ ಹೇಳೋಣವೆಂದರೆ ಅಪ್ಪ ಮಗಳು ಡಾಕ್ಟರಾದಳೆಂದು ಊರೆಲ್ಲ ಸಾರಿ ಬಂದಾಗಿತ್ತು. ತನ್ನ ಕೈಯೇ ಈ ಕೆಲಸಕ್ಕೆ ಬಾರದ ಕೈ ಎಂದು ಹೇಳಿಕೊಂಡು ಅಳಲು ಆ ಹುಡುಗಿಗೆ ಯಾರೂ ಇರಲಿಲ್ಲ.

ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಕೆರೆ ಏರಿಯ ಮೇಲೆ ಸಿಗುತ್ತದೆ. ಒಂದು ರಾತ್ರಿ ಅಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಿಕೊಂಡು ಎದ್ದಾಗ ಹತ್ತು ದಾಟಿತ್ತು. ದಾರಿಯಲ್ಲಿ ಆಲದ ಮರ, ಅದರ ಪಕ್ಕಕ್ಕೆ ಒಂದು ಹಾಳು ಬಾವಿ. ಅಲ್ಲಿ ನೀರು ಸೇದುವವರು ಯಾರೂ ಇಲ್ಲ.

ಬಾವಿಯ ಹತ್ತಿರ ಬಂದಳು... ಛಳಕ್. ನೀರು ಚೆಲ್ಲಿದ ಸದ್ದು. ಆಮೇಲೆ ಸರಕ್... ಸರಕ್... ಯಾರೋ ತೋಳಿಗೆ ಸೋಪು ಉಜ್ಜುತ್ತಿದ್ದರು. ಮುಂಗೈಯಿಂದ ಭುಜದವರೆಗೆ, ಮತ್ತೆ ಭುಜದಿಂದ ಕೆಳಕ್ಕೆ. ಹಸುವಿನೊಳಗೆ ಕೈ ಹಾಕುವ ಮೊದಲು ಹಾಗೆ ತೊಳೆಯುತ್ತಾರೆ, ಅವಳಿಗೆ ಆ ಸದ್ದು ಚೆನ್ನಾಗಿ ಗೊತ್ತು.

"ಯಾರದು?"

ಸದ್ದು ನಿಂತಿತು. ಮೊಬೈಲಿನ ಬೆಳಕು ಬಿಟ್ಟಳು. ಬಾವಿಕಟ್ಟೆಯ ಮೇಲೆ ಒಂದು ಹನಿ ನೀರಿಲ್ಲ.

ಎದುರಿನಿಂದ ದಡದಡ ಹೆಜ್ಜೆ. ಪಕ್ಕದ ಮನೆಯ ಉದಯ ಏದುಸಿರು ಬಿಡುತ್ತ ಬಂದ.

"ತಂಗಿ, ನಿನ್ನೇ ಹುಡುಕ್ತಿದ್ದೆ. ಆಕಳು ಸಂಜಿಂದ ತಿಣಕ್ತೈತಿ. ಎರಡು ಕಾಲು ಬಂದಾವು, ತಲಿ ಇಲ್ಲ."

"ಡಾಕ್ಟರಿಗೆ ಫೋನ್ ಮಾಡಣ್ಣ."

"ಮಾಡೀನಿ. ಭಾಳ ದೂರ ಅದಾರ. ಬೆಳಗಾಗ್ತೈತಿ ಅಂದ್ರು."

"ನಾ ಇನ್ನೂ ಪಾಸಾಗಿಲ್ಲ. ನಾ ಕೈ ಹಚ್ಚಬಾರದು."

"ಬೆಳತನಕ ಅದು ಉಳಿಯಾಂಗಿಲ್ಲ, ತಂಗಿ..."

ಹೋದಳು, ಇನ್ನೇನು ಮಾಡುತ್ತಾಳೆ. ಕೊಟ್ಟಿಗೆಯಲ್ಲಿ ಹಸು ಅಡ್ಡಬಿದ್ದು ಹೂಂ... ಹೂಂ... ಎಂದು ನರಳುತ್ತಿತ್ತು. ಉದಯನ ತಾಯಿ ವೆಂಕಮ್ಮ ಎರಡೂ ಕೈಯಲ್ಲಿ ಬಾಲ ಹಿಡಿದು ಕೂತಳು. ಉದಯ ಒಂದು ಕೈಯಲ್ಲಿ ಕೊಂಬು, ಇನ್ನೊಂದರಲ್ಲಿ ಬ್ಯಾಟರಿ ಹಿಡಿದ. ಪ್ರತಿಭಾ ತೋಳು ತೊಳೆದು, ಎಣ್ಣೆ ಸವರಿಕೊಂಡು ಒಳಗೆ ಕೈ ಹಾಕಿದಳು. ಕಾಲು ಸಿಕ್ಕಿತು, ಎದೆ ಸಿಕ್ಕಿತು. ಕುತ್ತಿಗೆ ಎಡಕ್ಕೆ ಮಡಚಿ, ತಲೆ ಹಿಂದಕ್ಕೆ ಹೋಗಿತ್ತು. ಅದೇ ತಲೆ... ಪೆಟ್ಟಿಗೆಯಲ್ಲಿ ಸೋಲಿಸಿದ್ದು.

ದವಡೆ ಹಿಡಿದು ಎಳೆದಳು. ಜಾರಿತು. ಹಸು ತಿಣುಕಿದಾಗಲೆಲ್ಲ ಅವಳ ತೋಳು ಮೂಳೆಗೆ ಸಿಕ್ಕಿ ಅರೆದುಹೋಗುತ್ತಿತ್ತು. ಅರ್ಧ ಗಂಟೆಯಾಯಿತು, ಬೆರಳಿಗೆ ಜೋಮು ಹಿಡಿಯಿತು. ಹಸುವಿನ ಬೆನ್ನಿಗೆ ಹಣೆ ಒತ್ತಿ, ಯಾರಿಗೂ ಕೇಳದ ಹಾಗೆ ಅಂದಳು, "ನನ್ನಿಂದ ಆಗಲ್ಲ..."

ಆಗ ಒಳಗೆ ಇನ್ನೊಂದು ಕೈ ಬಂತು.

ಪಕ್ಕದಿಂದಲ್ಲ, ಇನ್ನೂ ಒಳಗಿನಿಂದ. ಒರಟು ಕೈ. ಬೆಚ್ಚಗಿತ್ತು. ಅದು ಅವಳ ಮಣಿಕಟ್ಟು ಹಿಡಿಯಿತು. ಆ ಕೈ ಅವಳ ಕೈಯನ್ನು ದವಡೆಯಿಂದ ಬಿಡಿಸಿ ಕರುವಿನ ಎದೆಯ ಮೇಲೆ ಇಟ್ಟಿತು. ಮೆಲ್ಲಗೆ ಒತ್ತಿತು. ತಳ್ಳು... ಮೊದಲು ಹಿಂದಕ್ಕೆ ತಳ್ಳು. ಕರು ಹಿಂದೆ ಸರಿದು ಜಾಗವಾಯಿತು. ಆಮೇಲೆ ಅವಳ ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿಸಿ ಕರುವಿನ ಮೂತಿಗೆ ಮುಚ್ಚಿಸಿತು, ಹಲ್ಲು ತಾಗಿ ಗರ್ಭ ಹರಿಯಬಾರದಲ್ಲ. ತಲೆ ತಿರುಗಿತು. ಕೈ ಬಿಟ್ಟುಹೋಯಿತು.

ಉದಯ ಹಗ್ಗ ಕಟ್ಟಿ ಎಳೆದ. ಹೆಣ್ಣು ಕರು. ಬಿದ್ದ ಕೂಡಲೇ ಸೀನಿತು.

"ಅಣ್ಣ... ನೀ ಏನಾದ್ರೂ ಕೈ ಹಾಕಿದ್ಯಾ?"

"ಬ್ಯಾಟರಿ ಹಿಡಕೊಂಡು ಇಲ್ಲೇ ಇದ್ದೆನಲ್ಲ, ತಂಗಿ."

ವೆಂಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಹತ್ತಿರ ಬಂದು ಪಿಸುಗುಟ್ಟಿದಳು. "ಕೈ ಒರಟಿತ್ತೇನವ್ವಾ?"

"ಹೂಂ."

"ಬೈರ," ಅಂದಳು ವೆಂಕಮ್ಮ.

ಬೈರ ಯಾರೆಂದು ನಾನು ಹೇಳುತ್ತೇನೆ. ಆ ಬಾವಿಯ ಪಕ್ಕದ ಗುಡಿಸಲಲ್ಲಿ ಒಬ್ಬನೇ ಇದ್ದ. ಹಸು ಕಷ್ಟಕ್ಕೆ ಬಿದ್ದರೆ ನಮ್ಮವರೆಲ್ಲ ಅವನ ಬಾಗಿಲಿಗೆ ಓಡುತ್ತಿದ್ದರು. ಕರು ಹೊರಗೆ ಬಂದ ಮೇಲೆ ಅವನನ್ನು ಮಾತಾಡಿಸುವವರಿಲ್ಲ. ಸತ್ತು ಏಳು ವರ್ಷವಾಯಿತು. ಸತ್ತದ್ದು ಊರಿಗೆ ಗೊತ್ತಾದದ್ದು ಎರಡು ದಿನ ಕಳೆದು. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆ ಊರವರಲ್ಲಿ ನಾನೂ ಒಬ್ಬ.

ಪ್ರತಿಭಾ ಆ ರಾತ್ರಿ ಬಾವಿಯ ದಾರಿಯಲ್ಲೇ ಮನೆಗೆ ಹೋದಳು. ಹೆದರಿಕೆಯಾಗಲಿಲ್ಲವಂತೆ. ಎಷ್ಟೋ ತಿಂಗಳ ಮೇಲೆ ಯಾರೋ ತನ್ನ ಕೈ ಹಿಡಿದರಲ್ಲ ಎಂದು ದಾರಿಯುದ್ದಕ್ಕೂ ಅತ್ತಳಂತೆ.

ಪರೀಕ್ಷೆ ಬಂತು. ಅದೇ ಪೆಟ್ಟಿಗೆ. ಸತ್ತು ಮೂರು ದಿನವಾದ ಕರುವನ್ನು ಶೀತಪೆಟ್ಟಿಗೆಯಿಂದ ತೆಗೆದು, ತಲೆ ಮಡಚಿ ಒಳಗಿಟ್ಟಿದ್ದರು. ಪ್ರತಿಭಾ ತೋಳು ಹಾಕಿದಳು. ತಣ್ಣಗೆ ಕೊರೆಯಿತು. ಕಾದಳು... ಯಾರೂ ಬರಲಿಲ್ಲ. ಪರೀಕ್ಷಕರು ಗಡಿಯಾರ ನೋಡಿದರು. ಇನ್ನೂ ಸ್ವಲ್ಪ ಕಾದಳು. ಇಲ್ಲ. ಕೊನೆಗೆ ತಾನೇ ಎದೆಗೆ ಅಂಗೈ ಇಟ್ಟು ಹಿಂದಕ್ಕೆ ತಳ್ಳಿದಳು, ಮೂತಿಗೆ ಅಂಗೈ ಮುಚ್ಚಿದಳು, ತಿರುಗಿಸಿದಳು. ಕರು ಹೊರಗೆ ಬಂತು. "ಗುಡ್," ಅಂದರು ಪರೀಕ್ಷಕರು. ಪಾಸಾದೆನೆಂದು ಅವಳಿಗೆ ಅಲ್ಲೇ ಗೊತ್ತಾಯಿತು. ಆದರೂ ತಾನೊಬ್ಬಳೇ ಎಂದು ಎದೆ ಖಾಲಿಯಾಯಿತು.

ಮುಂದಿನ ಹುಡುಗನಿಗೆಂದು ಕರುವನ್ನು ಎತ್ತಿಡಲು ಬಂದ ಅಟೆಂಡರ್ ಬಸವರಾಜ ಬಗ್ಗಿದವನು ಹಾಗೇ ನಿಂತ.

"ಮೇಡಮ್ಮಾರ... ಹಳ್ಳ್ಯಾಗ ಹುಟ್ಟಿದ ಕರ ಉಸಿರಾಡ್ಲಿಲ್ಲ ಅಂದ್ರ ಮೂಗಿನಾಗ ಹುಲ್ಲಕಡ್ಡಿ ಆಡಸ್ತಾರಲ್ರಿ?"

"ಹೂಂ."

"ಇದರ ಮೂಗಿನಾಗ ಕಡ್ಡಿ ಯಾರ್ರಿ ಇಟ್ಟವ್ರು? ಒಳಗ ಇಡೂ ಮುಂದ ಮೂತಿ ನಾನೇ ತೊಳದೀನ್ರಿ. ಏನೂ ಇರಲಿಲ್ಲ."

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಡೆದದ್ದು ನಡೆದದ್ದೇ. ಆ ಕಡ್ಡಿಯನ್ನು ಪ್ರತಿಭಾ ನನಗೆ ತೋರಿಸಿದ್ದಾಳೆ. ಈಗ ಒಣಗಿದೆ. ಅವತ್ತು ಹಸಿಯಾಗಿತ್ತಂತೆ, ಬೇರಿನ ಮಣ್ಣೂ ಇತ್ತಂತೆ.